ಅರ್ಧಕ್ಕೆ ನಿಂತ ಪಾಠ

ದೊಡ್ಡ ಸಿಸ್ಟರಿಗೂ ಟೀಚರಿಗೂ ಮೊದಲ ದಿನದಿಂದಲೇ ಎಣ್ಣೆ ಸೀಗೆಕಾಯಿ.

ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ ಮಕ್ಕಳ ವಾರ್ಡ್ ಅದು. ತಿಂಗಳುಗಟ್ಟಲೆ ಅಲ್ಲೇ ಉಳಿಯುವ ಮಕ್ಕಳ ಓದು ತಪ್ಪದಿರಲೆಂದು ಆಸ್ಪತ್ರೆಯವರು ವಾರ್ಡಿನ ಕೊನೆಯ ಕೋಣೆಗೆ ಒಂದು ಉದ್ದನೆಯ ಮೇಜು, ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿಸಿ, ಟೀಚರನ್ನು ನೇಮಿಸಿಕೊಂಡಿದ್ದರು. ವಾರ್ಡಿನ ಯಜಮಾನಿಕೆ ದೊಡ್ಡ ಸಿಸ್ಟರದು. ಅವರ ಲೆಕ್ಕದಲ್ಲಿ ಹೊರಗಿನಿಂದ ಒಳಗೆ ಬರುವವರೆಲ್ಲ ಎರಡು ಕಾಲಿನ ಕಾಯಿಲೆಗಳು. ಅದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಮಕ್ಕಳಿಗೆ ಕಥೆ ಹೇಳಲು ಬಂದಿದ್ದ ಒಬ್ಬ ಒಳ್ಳೆಯ ಹೆಂಗಸು ತನ್ನ ಸಣ್ಣ ಕೆಮ್ಮನ್ನು ಯಾರಿಗೂ ಹೇಳದೆ ಒಳಗೆ ಬಂದಿದ್ದಳು. ಆಕೆ ಹೋದ ಮೇಲೆ ಒಂದು ಮಗು ಕೆಮ್ಮಲು ಶುರುಮಾಡಿತು. ತೀವ್ರ ನಿಗಾ ಘಟಕಕ್ಕೆ ಹೋದದ್ದು ವಾಪಸ್ಸು ಬರಲಿಲ್ಲ. ಆ ಮಗುವಿನ ಹಾಸಿಗೆಯನ್ನು ದೊಡ್ಡ ಸಿಸ್ಟರ್ ತಾವೇ ಒರೆಸಿದ್ದರು. ಅಂದಿನಿಂದ ಗಾಜಿನ ಬಾಗಿಲಲ್ಲಿ ನಿಂತು ಬಂದವರ ಮೂಗು, ಗಂಟಲು, ಉಗುರು ನೋಡದೆ ಒಳಗೆ ಬಿಡುತ್ತಿರಲಿಲ್ಲ. ಮಕ್ಕಳು ಅವರಿಗೆ ಇಟ್ಟ ಹೆಸರು ಫಿನಾಯಿಲ್ ಸಿಸ್ಟರ್.

ಟೀಚರ್ ತಂದ ಸೀಮೆಸುಣ್ಣ ಮೊದಲ ವಾರವೇ ಹೊರಗೆ ಹೋಯಿತು, ಧೂಳು ಎಂದು. ಆಟದ ಜೇಡಿಮಣ್ಣು ಹೋಯಿತು, ಮಣ್ಣು ಎಂದು. ಪುಸ್ತಕಗಳ ಪ್ರತಿ ಹಾಳೆಗೂ ಪ್ಲಾಸ್ಟಿಕ್ ಹೊದಿಸಿ, ದಿನಾ ಒರೆಸಿ ತರಬೇಕಾಯಿತು.

"ಇನ್ನು ನನ್ನನ್ನೇ ಕುದಿಸಿ ಒಳಗೆ ಬಿಡಿ ಸಿಸ್ಟರ್" ಎಂದು ಟೀಚರ್ ಒಂದು ದಿನ ರೇಗಿದರು.

"ಆಗೋ ಹಾಗಿದ್ರೆ ಅದನ್ನೂ ಮಾಡ್ತಿದ್ದೆ" ಎಂದರು ದೊಡ್ಡ ಸಿಸ್ಟರ್, ನಗದೆ.

ಟೀಚರೂ ಕಮ್ಮಿಯೇನಲ್ಲ. ಮೂಗಿನ ತುದಿಯಲ್ಲೇ ಕೋಪ. ಮಕ್ಕಳಿಗೆ ಸುಳ್ಳು ಹೇಳುವುದಿಲ್ಲ ಎಂಬ ಒಂದು ಹಟ ಬೇರೆ. ಅದರ ಬಗ್ಗೆ ಒಳಗೊಳಗೇ ಹೆಮ್ಮೆ.

ಆ ವಾರ್ಡಿನಲ್ಲಿ ಮೆಣಸಿನಕಾಯಿ ಎಂಬ ಅಡ್ಡಹೆಸರಿನ ಹುಡುಗಿಯೊಬ್ಬಳಿದ್ದಳು. ಐದನೇ ತರಗತಿಯಲ್ಲಿರಬೇಕಾದವಳು. ಕೂದಲು ಉದುರಿ ತಲೆ ಬೋಳಾಗಿತ್ತು. ಹುಬ್ಬು ಮಾತ್ರ ಹಾಗೆಯೇ ಉಳಿದು, ಯಾವಾಗಲೂ ಗಂಟಿಕ್ಕಿಕೊಂಡಿರುತ್ತಿತ್ತು. ಯಾರು ಮಾತಾಡಿಸಿದರೂ ಚುರ್ ಎನ್ನುವಂಥ ಉತ್ತರ. ಅವಳ ತಾಯಿ ಬಸ್ ಕಂಡಕ್ಟರ್. ಮುಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಹಿಂದಿನ ಸೀಟಿನವರು ಬೆಚ್ಚಿಬಿದ್ದು ಚಿಲ್ಲರೆ ತೆಗೆಯಬೇಕು, ಅಂಥ ಗಂಟಲು. ಪಾಳಿ ಮುಗಿಸಿ, ಮನೆಗೆ ಹೋಗಿ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬಂದು ಮಗಳ ಪಕ್ಕ ಕೂರುತ್ತಿದ್ದಳು. ಗಂಡ ಇರಲಿಲ್ಲ, ಎಲ್ಲಿದ್ದಾನೆ ಎಂದು ಯಾರೂ ಕೇಳುವ ಧೈರ್ಯ ಮಾಡಿರಲಿಲ್ಲ.

ಮಗಳಿಗೆ ಎದೆಯ ರಕ್ತನಾಳಕ್ಕೆ ಕೂರಿಸಿದ್ದ ನಳಿಕೆಯ ಮೂಲಕ ಕೊಡುತ್ತಿದ್ದ ಔಷಧಿಗಳಲ್ಲಿ ಒಂದು ಕೆಂಪಗಿರುತ್ತಿತ್ತು. ಅದು ರಕ್ತ ಹೆಚ್ಚಿಸುವ ಟಾನಿಕ್ ಎಂದು ತಾಯಿ ಹೇಳಿದ್ದಳು. "ನೋಡು, ರಕ್ತದ ಬಣ್ಣಾನೇ ಇದೆ. ಇದು ಒಳಗೆ ಹೋದಷ್ಟೂ ನೀನು ಗಟ್ಟಿ ಆಗ್ತೀಯ." ಮಗಳು ನಂಬಿದ್ದಳು. ಅದು ಹೋದ ಮೇಲೆ ವಾಂತಿಯಾದರೂ, ಬಾಯೆಲ್ಲ ಹುಣ್ಣಾದರೂ, ಗಟ್ಟಿಯಾಗಲು ಇಷ್ಟೆಲ್ಲ ಪಡಬೇಕೇನೋ ಎಂದು ಹಲ್ಲು ಕಚ್ಚಿ ಮಲಗುತ್ತಿದ್ದಳು.

ಆ ದಿನ ಬೆಳಗ್ಗೆ ಟೀಚರ್ ತೆಗೆದುಕೊಂಡದ್ದು ರೋಗಾಣುಗಳ ಪಾಠ. ಒಬ್ಬರನ್ನೊಬ್ಬರು ಮುಟ್ಟದೆ ಆಡುವ ಯುದ್ಧ. ಮಾಸ್ಕ್ ಕಟ್ಟಿಕೊಂಡೇ ಇಬ್ಬರು ಕೈ ಚಾಚಿ ಚರ್ಮವಾಗಿ ನಿಂತರು. ಗೂಬೆಮರಿ ಎಂದು ಎಲ್ಲರೂ ಕರೆಯುತ್ತಿದ್ದ ದುಂಡುಗಣ್ಣಿನ ಪುಟ್ಟ ಹುಡುಗಿ ರೋಗಾಣುವಾಗಿ ಕೈಗಳ ಕೆಳಗೆ ನುಸುಳಿದಳು.

"ಗಾಯ ಆಯ್ತು, ಬಾಗಿಲು ತೆರೀತು, ರೋಗಾಣು ಒಳಗೆ ಬಂತು. ಯಾರು ಹಿಡೀತಾರೆ?" ಎಂದರು ಟೀಚರ್. "ರಕ್ತದಲ್ಲಿ ಬಿಳಿ ಸೈನಿಕರಿದ್ದಾರೆ. ಮೊದಲು ಓಡಿಬರೋನು ನುಂಗಣ್ಣ. ಸಿಕ್ಕಿದ್ದನ್ನೆಲ್ಲ ನುಂಗೋದೇ ಅವನ ಕೆಲಸ. ಆಮೇಲೆ ಅಂಟಪ್ಪ ಬರ್ತಾನೆ, ರೋಗಾಣುವಿಗೆ ಅಂಟಿಕೊಂಡು ಅಲ್ಲಾಡದ ಹಾಗೆ ಮಾಡ್ತಾನೆ. ಎಲ್ಲ ಮುಗಿದ ಮೇಲೂ ನೆನಪಕ್ಕ ಅಂತ ಒಬ್ಬಳು ಇರ್ತಾಳೆ. ಅದೇ ರೋಗಾಣು ಇನ್ನೊಮ್ಮೆ ಬಂದ್ರೆ, 'ಏಯ್, ನೀನು ಹೋದ್ಸಲ ಬಂದಿದ್ದೋನಲ್ವಾ?' ಅಂತ ಗುರುತು ಹಿಡೀತಾಳೆ."

ಮಕ್ಕಳು ನಕ್ಕರು. ನುಂಗಣ್ಣನ ಪಾತ್ರಕ್ಕೆ ಜಗಳವಾಯಿತು. ಗೂಬೆಮರಿ ಸತ್ತಂತೆ ಕುರ್ಚಿಯ ಮೇಲೆ ಒರಗಿ, ತಾನು ಸತ್ತದ್ದನ್ನು ಎಲ್ಲರೂ ನೋಡಿದರೋ ಇಲ್ಲವೋ ಎಂದು ಕಣ್ಣು ತೆರೆದು ನೋಡಿದಳು. ಮೆಣಸಿನಕಾಯಿ ಮಾತ್ರ ನಗಲಿಲ್ಲ.

"ಬೆಳಗ್ಗೆ ಡಾಕ್ಟರು ಕೌಂಟ್ ಕೌಂಟ್ ಅಂತಾರಲ್ಲ, ಅದು ಈ ಸೈನಿಕರ ಲೆಕ್ಕಾನಾ?" ಎಂದಳು.

"ಹೌದು."

"ನನ್ನ ಕೌಂಟ್ ಯಾವಾಗ್ಲೂ ಬಿದ್ದುಹೋಗಿರುತ್ತೆ. ಹಾಗಾದ್ರೆ ನನ್ನ ಸೈನಿಕರನ್ನ ಕೊಂದಿದ್ದು ಯಾರು? ರೋಗಾಣುನಾ?"

ಟೀಚರಿಗೆ ಜಾರಿಕೊಳ್ಳುವ ದಾರಿಗಳು ಬೇಕಾದಷ್ಟಿದ್ದವು. ಜಾರಲಿಲ್ಲ.

"ರೋಗಾಣು ಅಲ್ಲ. ಔಷಧಿ."

"ಯಾವ ಔಷಧಿ? ಕೆಂಪಂದಾ?"

"ಅದೂ ಸೇರಿದೆ. ಆದ್ರೆ ಯಾಕೆ ಅಂದ್ರೆ—"

ಅಷ್ಟರಲ್ಲಿ ಬಾಗಿಲು ತೆರೆಯಿತು. ದೊಡ್ಡ ಸಿಸ್ಟರ್ ನಿಂತಿದ್ದರು. "ಸಾಕು ಪಾಠ. ಡಾಕ್ಟರು ರೌಂಡ್ಸಿಗೆ ಬಂದಿದ್ದಾರೆ, ಎಲ್ಲ ಹಾಸಿಗೆಗೆ ನಡೀರಿ."

"ಒಂದೇ ಒಂದು ನಿಮಿಷ ಸಿಸ್ಟರ್, ಮಾತು ಅರ್ಧಕ್ಕೆ ನಿಂತಿದೆ."

"ನಿಮ್ಮ ಮಾತು ಯಾವತ್ತು ಪೂರ್ತಿ ಆಗಿದೆ? ನಾಳೆ ಆಡಿ. ನಡೀರಿ ಮಕ್ಕಳೇ."

ಮಕ್ಕಳು ಎದ್ದರು. ಟೀಚರ್ ಮೇಜಿನ ಮೇಲಿದ್ದ ಚಿತ್ರಗಳನ್ನು ದಡದಡನೆ ಚೀಲಕ್ಕೆ ತುಂಬಿಕೊಂಡು ಹೊರಟುಹೋದರು. ಹೋಗುವಾಗ ಬಾಗಿಲನ್ನು ಬೇಕೆಂದೇ ಜೋರಾಗಿ ಎಳೆದುಕೊಂಡರು.

ಮಧ್ಯಾಹ್ನ ಕೆಂಪು ಔಷಧಿ ಬಂದಾಗ ಮೆಣಸಿನಕಾಯಿ ಗೋಡೆಗೆ ಒರಗಿ ಕೂತಳು. ಎದೆಯ ನಳಿಕೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು.

"ಹತ್ರ ಬಂದ್ರೆ ಕಿತ್ತು ಹಾಕ್ತೀನಿ."

ನಳಿಕೆ ಕಿತ್ತರೆ ರಕ್ತ ನಿಲ್ಲಿಸುವುದು ಕಷ್ಟ. ಸಣ್ಣ ನರ್ಸ್ ಓಡಿಹೋಗಿ ದೊಡ್ಡ ಸಿಸ್ಟರನ್ನು ಕರೆದಳು. ಅವರು ಬಂದು ಮೊದಲು ಗದರಿದರು, ಆಮೇಲೆ ಗೋಗರೆದರು, ಕೊನೆಗೆ ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ಬಾಗಿದರು. ಹುಡುಗಿ ಮಾಸ್ಕ್ ಕೆಳಗೆಳೆದು, ಅವರ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿ ಕಚ್ಚಿದಳು. ಕೈಗವಸು ಹರಿದು ಹಲ್ಲು ಮಾಂಸಕ್ಕೆ ಇಳಿಯಿತು. ದೊಡ್ಡ ಸಿಸ್ಟರ್ ಕಿರುಚಲಿಲ್ಲ. ಹುಡುಗಿ ತಾನಾಗಿ ಬಿಡುವವರೆಗೆ ಕೈಯನ್ನು ಹಾಗೆಯೇ ಇಟ್ಟು, ಇನ್ನೊಂದು ಕೈಯಲ್ಲಿ ನಳಿಕೆಯನ್ನು ಹಿಡಿದೇ ನಿಂತರು. ನಳಿಕೆ ಉಳಿಯಿತು. ಔಷಧಿ ಒಳಗೆ ಹೋಗಲಿಲ್ಲ.

ಸಂಜೆ ತಾಯಿ ಬಂದಳು. ಮಗಳು ಅವಳ ಕಡೆ ತಿರುಗಲಿಲ್ಲ.

"ಟಾನಿಕ್ ಅಂದೆಯಲ್ಲ. ಸುಳ್ಳಿ."

ಅಷ್ಟೇ. ತಾಯಿ ಕರೆದರೂ ಬೇಡಿದರೂ ಮತ್ತೆ ಬಾಯಿ ಬಿಡಲಿಲ್ಲ.

ಪಾಠದಲ್ಲಿ ಆದದ್ದನ್ನು ಗೂಬೆಮರಿಯಿಂದ ಕೇಳಿ ತಿಳಿದ ತಾಯಿ, ಮರುದಿನ ಬೆಳಗ್ಗೆ ಕೆಲಸಕ್ಕೆ ರಜೆ ಹಾಕಿ, ಟೀಚರ್ ಬರುವ ದಾರಿ ಕಾದು ನಿಂತಿದ್ದಳು. ಟೀಚರ್ ಮೆಟ್ಟಿಲು ಹತ್ತಿ ಬಂದದ್ದೇ ತಡ, ಬಸ್ಸಿನ ಗಂಟಲು ಕಾರಿಡಾರಿನಲ್ಲಿ ತೆರೆದುಕೊಂಡಿತು.

"ಯಾರ್ರೀ ನೀವು ನನ್ನ ಮಗಳಿಗೆ ಔಷಧಿ ಕೊಲ್ಲುತ್ತೆ ಅಂತ ಹೇಳೋಕೆ? ಟಾನಿಕ್ ಅಂತ ನಂಬಿಸಿಟ್ಟಿದ್ದೆ ನಾನು. ನೀವು ಹೆತ್ತಿದ್ದೀರಾ? ನೀವು ಅವಳ ವಾಂತಿ ಬಳಿದಿದ್ದೀರಾ?"

"ಕೊಲ್ಲುತ್ತೆ ಅಂತ ಹೇಳ್ಲಿಲ್ಲಮ್ಮ. ಅವಳು ಕೇಳಿದ್ದಕ್ಕೆ ನಿಜ ಹೇಳಿದೆ. ಟಾನಿಕ್ ಅಂತ ಸುಳ್ಳು ಹೇಳಿದ್ದು ನಾನಲ್ಲ."

"ನಿಜವಂತೆ, ನಿಜ! ನಿಮ್ಮ ನಿಜ ಇಟ್ಕೊಂಡು ನಾನೇನು ನೆಕ್ಕಲಾ? ನನ್ನ ಸುಳ್ಳಿನಿಂದ ಅವಳು ಔಷಧಿ ತಗೊಳ್ತಿದ್ಲು. ನಿಮ್ಮ ನಿಜದಿಂದ ಬಿಟ್ಟಿದ್ದಾಳೆ. ಈಗ ಹೇಳಿ, ಯಾವುದು ಒಳ್ಳೇದು?"

ಗಾಜಿನ ಬಾಗಿಲ ಪಕ್ಕದ ಬೆಂಚಿನ ಮೇಲೆ, ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದ ದೊಡ್ಡ ಸಿಸ್ಟರ್ ಮಾತು ಸೇರಿಸಿದರು. "ಚೆನ್ನಾಗಿ ಕೇಳಮ್ಮ. ಇವರಿಗೆ ಬೆಂಕಿ ಹಚ್ಚೋದು ಗೊತ್ತು, ಆರಿಸೋಕೆ ನಾವು ಬೇಕು."

"ಆರಿಸೋಕೆ ಬಿಟ್ರಾ ನೀವು?" ಟೀಚರ್ ತಿರುಗಿಬಿದ್ದರು. "ಒಂದು ನಿಮಿಷ ಕೇಳಿದೆ. ಕೊಟ್ರಾ?"

ಮೂವರ ದನಿ ಕೇಳಿ ಡಾಕ್ಟರ್ ಹೊರಗೆ ಬಂದರು. ಮಿತಭಾಷಿ ಮನುಷ್ಯ. "ಟೀಚರ್, ಸದ್ಯಕ್ಕೆ ನೀವು ಒಳಗೆ ಬರೋದು ಬೇಡ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರು.

ಟೀಚರ್ ಮನೆಗೆ ಬಂದವರೇ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು. ನಡೆದದ್ದನ್ನೆಲ್ಲ ಕೇಳಿದ ಗಂಡ, ತಟ್ಟೆ ಒರೆಸುತ್ತಾ, "ನಿಜ ಹೇಳೋದೇನೋ ಸರಿ. ಆದ್ರೆ ಪೂರ್ತಿ ಹೇಳೋಕೆ ಪುರುಸೊತ್ತು ಇದೆಯಾ ಅಂತ ನೋಡ್ಕೊಂಡು ಶುರುಮಾಡಬೇಕಿತ್ತು" ಎಂದ. ಟೀಚರ್ ಅವನ ಕೈಯಿಂದ ತಟ್ಟೆ ಕಸಿದುಕೊಂಡರು. ಅವನೊಂದಿಗೂ ಎರಡು ದಿನ ಮಾತಿಲ್ಲ. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ವಾರ್ಡಿನಲ್ಲಿ ಕೆಲಸ ಕೆಡುತ್ತಾ ಹೋಯಿತು. ಮೆಣಸಿನಕಾಯಿ ಮಣಿಯಲಿಲ್ಲ. ನಿದ್ದೆ ಬರಿಸಿ ಕೆಂಪು ಔಷಧಿ ಹಾಕಿಬಿಡೋಣ ಎಂದು ಒಬ್ಬರು ಸೂಚಿಸಿದರು. ಇದು ಒಂದು ದಿನದ ಔಷಧಿಯಲ್ಲ, ಪ್ರತಿ ಸಲವೂ ಹಾಗೆ ಮಾಡುವುದಕ್ಕಾಗುವುದಿಲ್ಲ ಎಂದು ಡಾಕ್ಟರ್ ಒಪ್ಪಲಿಲ್ಲ. ಗೂಬೆಮರಿಯೂ ತನ್ನ ನಳಿಕೆಯ ಮೇಲೆ ಕೈ ಇಟ್ಟುಕೊಂಡು ಮಲಗತೊಡಗಿದಳು. ಕೊನೆಗೆ ಡಾಕ್ಟರ್ ಮೆಣಸಿನಕಾಯಿಯ ಮಂಚದ ಬಳಿ ಕೂತು, "ನಿನಗೆ ಏನು ಬೇಕು, ಅದನ್ನಾದರೂ ಹೇಳು" ಎಂದರು.

"ಟೀಚರ್ 'ಯಾಕೆ ಅಂದ್ರೆ' ಅಂದಿದ್ರು. ಆಮೇಲೆ ಏನು ಅಂತ ಹೇಳ್ಲಿ."

ಡಾಕ್ಟರ್ ಫೋನು ಮಾಡಿದರು. ಟೀಚರ್ ಬಂದರು. ಆದರೆ ನೇರವಾಗಿ ವಾರ್ಡಿಗೆ ಹೋಗದೆ, ಗಾಯ ಕಟ್ಟುವ ಕೋಣೆಗೆ ಹೋದರು. ದೊಡ್ಡ ಸಿಸ್ಟರ್ ಅಲ್ಲಿ ಕೂತು ಬ್ಯಾಂಡೇಜು ಬದಲಿಸಿಕೊಳ್ಳುತ್ತಿದ್ದರು. ಕೈ ಬನ್ನಿನಂತೆ ಊದಿ ಕೆಂಪಾಗಿತ್ತು. ಹಲ್ಲಿನ ಗುರುತುಗಳ ನಡುವೆ ಹಳದಿ ಕೀವು ಕಟ್ಟಿತ್ತು. ಮೈಮೇಲೆ ಗಾಯವಿರುವವರು ಯಾರೂ ವಾರ್ಡಿಗೆ ಕಾಲಿಡಕೂಡದು. ಆ ನಿಯಮ ಮಾಡಿದವರು ಅವರೇ; ಹಾಗಾಗಿ ಕಚ್ಚಿಸಿಕೊಂಡ ದಿನದಿಂದ ಅವರೂ ಗಾಜಿನ ಹೊರಗೇ.

"ಸಿಸ್ಟರ್, ನಿಮ್ಮ ಕೈ ಬೇಕು ನನಗೆ."

"ಏನು?"

"ಮಕ್ಕಳಿಗೆ ತೋರಿಸೋಕೆ. ಗಾಜಿನ ಹೊರಗಿಂದ."

ದೊಡ್ಡ ಸಿಸ್ಟರ್ ಇಕ್ಕಳವನ್ನು ತಟ್ಟೆಗೆ ಎಸೆದರು. "ನನ್ನ ಕೈ ನಿಮ್ಮ ಪಾಠದ ಚಾರ್ಟ್ ಅಲ್ಲ. ಕಚ್ಚಿಸಿಕೊಂಡಿದ್ದು ಸಾಲದು ಅಂತ ಪ್ರದರ್ಶನಕ್ಕೆ ಬೇರೆ ಇಡ್ಬೇಕಾ?"

"ನಿಮಗೆ ನನ್ನ ಮುಖ ಕಂಡ್ರೆ ಆಗಲ್ಲ. ನನಗೂ ನಿಮ್ಮ ಮುಖ ನೋಡೋ ಆಸೆ ಏನಿಲ್ಲ. ಆದ್ರೆ ಅವಳಿಗೆ ಚಿತ್ರ ತೋರಿಸಿದ್ರೆ ನಂಬಲ್ಲ ಈಗ. ಕಣ್ಣಾರೆ ಕಾಣಬೇಕು."

"ಮತ್ತೆ ಅರ್ಧ ಹೇಳಿ ಎದ್ದುಬರ್ತೀರಿ."

"ನೀವೇ ಎದುರಿಗೆ ನಿಂತಿರ್ತೀರಲ್ಲ. ತಪ್ಪಿದ್ರೆ ಅಲ್ಲೇ ಬೈಯಿರಿ."

ದೊಡ್ಡ ಸಿಸ್ಟರ್ ಹೊಸ ಬ್ಯಾಂಡೇಜು ಸುತ್ತಿ ಮುಗಿಸಿದರು. "ನಿಮಗೋಸ್ಕರ ಅಲ್ಲ" ಎಂದು ಎದ್ದರು. "ಆ ಪಿಶಾಚಿ ಸಾಯೋದು ನನಗೆ ಬೇಡ."

ವಾರ್ಡಿನ ಗಾಜಿನ ಗೋಡೆಗೆ ಎದುರಾಗಿ ಒಳಗೆ ಮಕ್ಕಳು ಕುರ್ಚಿ ಹಾಕಿಕೊಂಡು ಕೂತರು. ಮೆಣಸಿನಕಾಯಿ ಎಲ್ಲರಿಗಿಂತ ದೂರದಲ್ಲಿ, ನಳಿಕೆ ಹಿಡಿದುಕೊಂಡೇ. ತಾಯಿ ಮಂಚದ ಪಕ್ಕದಲ್ಲಿ ನಿಂತಿದ್ದಳು. ಹೊರಗೆ ದೊಡ್ಡ ಸಿಸ್ಟರ್. ಇಬ್ಬದಿಯ ಮಾತು ಕೇಳಲೆಂದು ಒಳಗಿದ್ದ ಟೀಚರ್ ದೊಡ್ಡ ಸಿಸ್ಟರಿಗೆ ಕರೆ ಮಾಡಿ, ಫೋನನ್ನು ದೊಡ್ಡ ದನಿಗೆ ಹಾಕಿ ಮೇಜಿನ ಮೇಲಿಟ್ಟರು. ದೊಡ್ಡ ಸಿಸ್ಟರ್ ಬ್ಯಾಂಡೇಜು ಬಿಚ್ಚಿ ಕೈಯನ್ನು ಗಾಜಿನ ಹತ್ತಿರ ಹಿಡಿದರು.

ಗೂಬೆಮರಿ "ಅಯ್ಯಪ್ಪಾ" ಎಂದು ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡಿದಳು.

"ಬಾಯಲ್ಲಿ ಕೋಟಿಗಟ್ಟಲೆ ರೋಗಾಣು ಇರುತ್ತೆ. ಹಲ್ಲಿನ ಜೊತೆ ಅವೂ ಒಳಗೆ ಹೋದವು" ಎಂದು ಟೀಚರ್ ಶುರುಮಾಡಿದರು. "ಸುದ್ದಿ ಮುಟ್ತಾ ಇದ್ದ ಹಾಗೆ ಆ ಜಾಗಕ್ಕೆ ರಕ್ತ ನುಗ್ತು. ಅದಕ್ಕೇ ಕೆಂಪು, ಅದಕ್ಕೇ ಬಿಸಿ. ರಕ್ತನಾಳದ ಗೋಡೆ ಸಡಿಲ ಆಯ್ತು, ಸೈನಿಕರು ಅದರ ಸಂದಿಯಿಂದ ಹೊರಗೆ ಜಿಗಿದ್ರು, ಜೊತೆಗೆ ನೀರೂ ಸೋರಿತು. ಅದಕ್ಕೇ ಊತ. ಹಳದಿ ಕಾಣ್ತಿದೆಯಲ್ಲ, ಅದು ಸತ್ತ ನುಂಗಣ್ಣಂದಿರು, ಸತ್ತ ರೋಗಾಣುಗಳು. ಸಿಸ್ಟರ್ ಕೈಯಲ್ಲಿ ಈಗ ಯುದ್ಧ ನಡೀತಿದೆ, ಸಿಸ್ಟರ್ ಸೈನ್ಯ ಗೆಲ್ತಿದೆ."

"ಸೈನ್ಯ ಒಂದೇ ಅಲ್ಲ" ಎಂದು ಫೋನಿನಿಂದ ದೊಡ್ಡ ಸಿಸ್ಟರಿನ ದನಿ ಸಿಡಿಯಿತು. "ದಿನಾ ಮಾತ್ರೆ ನುಂಗ್ತಿದ್ದೀನಿ. ಅದನ್ನೂ ಹೇಳಿ. ಅರ್ಧ ಹೇಳಬೇಡಿ."

ಟೀಚರ್ ಕೆನ್ನೆ ಬಿಸಿಯಾಯಿತು. "ಮಾತ್ರೆಯ ಸಹಾಯವೂ ಇದೆ" ಎಂದರು.

ಮೆಣಸಿನಕಾಯಿ ಎದ್ದು ಗಾಜಿನ ಹತ್ತಿರ ಹೋದಳು. ತಾನು ಮಾಡಿದ ಗಾಯವನ್ನು ಎವೆಯಿಕ್ಕದೆ ನೋಡಿದಳು.

"ನೋವಾಗುತ್ತಾ?"

"ಆಗ್ದೇ ಇರುತ್ತಾ? ನಾಯಿ ಕಚ್ಚಿದ್ರೂ ಇಷ್ಟಾಗ್ತಿರಲಿಲ್ಲ."

"ಯಾರಾದ್ರೂ ನನ್ನ ಕಚ್ಚಿದ್ರೆ?"

ಈ ಸಲ ಟೀಚರ್ ದೊಡ್ಡ ಸಿಸ್ಟರ್ ಕಡೆ ನೋಡಿದರು. ದೊಡ್ಡ ಸಿಸ್ಟರ್ ಮುಖ ಗಂಟಿಕ್ಕಿ ನಿಂತಿದ್ದರು, ಬೇಡ ಎನ್ನಲಿಲ್ಲ.

"ನಿನಗೆ ಕೀವೂ ಕಟ್ಟಲ್ಲ. ಸಾಯೋಕೆ ಸೈನಿಕರೇ ಇಲ್ಲ. ರೋಗಾಣು ಸೀದಾ ರಕ್ತಕ್ಕೆ ಹೋಗುತ್ತೆ. ಅದಕ್ಕೇ ಸಿಸ್ಟರ್ ಬಾಗಿಲು ಕಾಯೋದು."

"ಮತ್ತೆ ಆ ಔಷಧಿ ಯಾಕೆ ಕೊಡ್ತೀರಿ?"

"ನಿನ್ನ ಕಾಯಿಲೆ ಹೊರಗಿಂದ ಬಂದಿದ್ದಲ್ಲ. ಬೇಲಿಯೇ ಎದ್ದು ಹೊಲ ಮೇಯೋದು ಅಂತಾರಲ್ಲ, ಹಾಗೆ. ಸೈನಿಕರು ಹುಟ್ಟೋದು ಮೂಳೆಯ ಒಳಗೆ. ಅಲ್ಲಿ ಕೆಲವು ಕೆಟ್ಟು ಹುಟ್ಟಿದವು. ಅವಕ್ಕೆ ಯುದ್ಧ ಬರಲ್ಲ, ಬೆಳೆಯೋದು ಮಾತ್ರ ಬರುತ್ತೆ. ಬೆಳೆದು ಬೆಳೆದು ಒಳ್ಳೆಯವರಿಗೆ ಜಾಗಾನೇ ಇಲ್ಲದ ಹಾಗೆ ಮಾಡಿದವು. ಕೆಂಪು ಔಷಧಿ ಅವನ್ನ ಕೊಲ್ಲುತ್ತೆ. ಆದ್ರೆ ಅದಕ್ಕೆ ಕಳೆ ಯಾವುದು, ಪೈರು ಯಾವುದು ಗೊತ್ತಾಗಲ್ಲ. ಬೇಗ ಬೇಗ ಬೆಳೆಯೋದನ್ನೆಲ್ಲ ಹೊಡೆಯುತ್ತೆ. ಅದಕ್ಕೇ ನಿನ್ನ ಕೂದಲೂ ಹೋಯ್ತು, ಬಾಯಿ ಹುಣ್ಣಾಯ್ತು."

"ಒಳ್ಳೆಯವರು ಮತ್ತೆ ಹುಟ್ತಾರಾ?"

"ಹುಟ್ತಾರೆ. ಪ್ರತಿ ಸಲ ಕೌಂಟ್ ಬಿದ್ದು ಮತ್ತೆ ಏರಿದೆಯಲ್ಲ."

"ಕೆಟ್ಟವರು?"

ಟೀಚರ್ ಮತ್ತೆ ಗಾಜಿನ ಕಡೆ ತಿರುಗಿದರು. ಉತ್ತರ ಫೋನಿನಿಂದ ಬಂತು. "ಬಹಳ ಮಕ್ಕಳಲ್ಲಿ ಮತ್ತೆ ಹುಟ್ಟಲ್ಲ. ಕೆಲವರಲ್ಲಿ ಹುಟ್ಟಬಹುದು. ಔಷಧಿ ನಡುವೆ ಬಿಟ್ಟರೆ ಆ ಭಯ ಜಾಸ್ತಿ. ನೀನು ಈಗ ಅದನ್ನೇ ಮಾಡ್ತಿದ್ದೀಯ."

ಮೆಣಸಿನಕಾಯಿ ಮುಷ್ಟಿ ಸಡಿಲಿಸಿದಳು. "ಹಾಕಿ" ಎಂದಳು. ತಾಯಿ ಓಡಿಬಂದು ತಬ್ಬಿಕೊಳ್ಳಲು ಹೋದಾಗ ಕೈ ಅಡ್ಡ ಹಿಡಿದಳು. "ನೀನು ಹೊರಗಿರು. ಸಣ್ಣ ಸಿಸ್ಟರ್ ಹಾಕ್ತಾರೆ."

ತಾಯಿ ಕಾರಿಡಾರಿಗೆ ಬಂದಳು. ಅವಳ ಹಿಂದೆಯೇ ಹೊರಬಂದ ಟೀಚರ್ ಏನೋ ಸಮಾಧಾನ ಹೇಳಲು ಬಾಯಿ ತೆರೆದರು.

"ಏನೂ ಹೇಳಬೇಡಿ" ಎಂದಳು ತಾಯಿ. "ಔಷಧಿ ಒಳಗೆ ಹೋಯ್ತು, ಸರಿ. ನನ್ನ ಮಗಳನ್ನ ನನ್ನಿಂದ ಕಿತ್ಕೊಂಡ್ರಿ."

ದೊಡ್ಡ ಸಿಸ್ಟರ್ ಬೆಂಚಿನ ಮೇಲೆ ಕೂತು ಒಂದೇ ಕೈಯಲ್ಲಿ ಬ್ಯಾಂಡೇಜು ಸುತ್ತಿಕೊಳ್ಳಲು ಹೆಣಗುತ್ತಿದ್ದರು. ಟೀಚರ್ ಸಹಾಯಕ್ಕೆ ಬಾಗಿದಾಗ, "ಮುಟ್ಟಬೇಡಿ, ಕೈ ತೊಳೆದಿಲ್ಲ ನೀವು" ಎಂದು ಪಕ್ಕಕ್ಕೆ ಸರಿದರು.

ಮುಂದಿನ ವಾರ ಕೌಂಟ್ ನೆಲ ಕಚ್ಚಿ ಮೆಣಸಿನಕಾಯಿಗೆ ಜ್ವರ ಬಂತು. ಕೆಟ್ಟ ಜ್ವರ. ಅವಳು ಹೆದರಿದಳು; ಆದರೆ ಏನಾಗುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಸಣ್ಣ ನರ್ಸ್ ಕೈ ತೊಳೆಯದೆ ಹತ್ತಿರ ಬಂದಳೆಂದು ಅರೆಪ್ರಜ್ಞೆಯಲ್ಲೇ ಬೈದಳಂತೆ. ಜ್ವರ ಇಳಿಯಿತು. ಕೌಂಟ್ ನಿಧಾನಕ್ಕೆ ತಲೆಯೆತ್ತಿತು. ಗಾಯ ಮಾಗಿದ ಮೇಲೆ ದೊಡ್ಡ ಸಿಸ್ಟರ್ ವಾರ್ಡಿಗೆ ಹಿಂದಿರುಗಿ, ಹೊಸ ನಿಯಮವೊಂದನ್ನು ತಂದರು: ಮೈಗೆ ಸಂಬಂಧಿಸಿದ ಪಾಠವಿದ್ದಾಗ ತಾವೂ ಹಿಂದಿನ ಕುರ್ಚಿಯಲ್ಲಿ ಕೂರುವುದು. ಕೂತು ತಪ್ಪು ಹುಡುಕುತ್ತಿದ್ದರು. ಟೀಚರ್ ಹಲ್ಲು ಕಡಿಯುತ್ತಾ ತಿದ್ದಿಕೊಳ್ಳುತ್ತಿದ್ದರು. ಕೆಲವೊಮ್ಮೆ ಸಿಸ್ಟರದೇ ತಪ್ಪೆಂದು ಸಾಧಿಸಿ, ಆ ದಿನವೆಲ್ಲ ಹಗುರಾಗಿ ಓಡಾಡುತ್ತಿದ್ದರು.

ಮಗಳು ತಾಯಿಯೊಂದಿಗೆ ಮಾತು ಶುರುಮಾಡಿದ್ದಳು, ಆದರೆ ಅದು ಮಾತಲ್ಲ, ಪರೀಕ್ಷೆ. "ಇದು ಯಾವ ಇಂಜೆಕ್ಷನ್? ಯಾಕೆ? ಗೊತ್ತಿಲ್ವಾ? ಹಾಗಾದ್ರೆ ಗೊತ್ತಿಲ್ಲ ಅನ್ನು." ಬಸ್ಸಿನಲ್ಲಿ ಯಾರಿಗೂ ತಗ್ಗದ ಹೆಂಗಸು ಮಗಳ ಮಂಚದ ಪಕ್ಕ ಪೆಚ್ಚಾಗಿ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಟೀಚರ್ ಚೀಲ ಹೆಗಲಿಗೇರಿಸಿ ಹೊರಟಾಗ ತಾಯಿ ಮೆಟ್ಟಿಲಿಗೆ ಅಡ್ಡ ನಿಂತಳು.

"ನಿಮ್ಮ ಮೇಲಿನ ಸಿಟ್ಟು ಹೋಗಿದೆ ಅಂದ್ಕೋಬೇಡಿ."

"ಅಂದ್ಕೊಂಡಿಲ್ಲ."

"ನಾಳೆ ಏನು ಪಾಠ?"

"ಬೆನ್ನುಹುರಿಗೆ ಯಾಕೆ ಔಷಧಿ ಹಾಕ್ತಾರೆ ಅನ್ನೋದು."

ತಾಯಿ ಪಕ್ಕದ ಬೆಂಚಿನ ಮೇಲೆ ಕೂತು, ತನ್ನ ಚರ್ಮದ ಚೀಲವನ್ನು ಸರಿಸಿ ಜಾಗ ಮಾಡಿದಳು. "ಅದನ್ನ ಇವತ್ತು ನನಗೆ ಹೇಳಿ. ಮೊದಲು ನನಗೆ. ಪೂರ್ತಿ ಹೇಳಿ. ನಾನು ಕಾಲೇಜು ಮೆಟ್ಟಿಲು ಹತ್ತಿದವಳಲ್ಲ, ಅರ್ಥ ಆಗೋ ಹಾಗಿರಲಿ."

ಟೀಚರಿಗೆ ಬಸ್ಸಿನ ಹೊತ್ತಾಗಿತ್ತು. ಚೀಲ ಇಳಿಸಿ ಕೂತರು. ಬೆನ್ನುಮೂಳೆಯ ಚಿತ್ರವನ್ನು ಇಬ್ಬರ ಮೊಣಕಾಲ ಮೇಲೆ ಹರಡಿದರು. ಎರಡು ವಾಕ್ಯ ಹೇಳುವಷ್ಟರಲ್ಲಿ ತಾಯಿ ತಡೆದಳು.

"ಅಷ್ಟು ಬೇಗ ಓಡಿದ್ರೆ ಹೆಂಗ್ರೀ? ಹಿಂದಿನ ಸ್ಟಾಪಿಂದ ಬನ್ನಿ."

ಟೀಚರ್ ಮೊದಲಿನಿಂದ ಶುರುಮಾಡಿದರು.